ನಾನೂರು ಜನಕ್ಕೊಬ್ಬ ಮೆಂಬರು

1998ರಲ್ಲಿ ಕರ್ನಾಟಕದ ಗ್ರಾಮ ಲೆಕ್ಕಿಗರು ಪಹಣಿಯನ್ನು ಇನ್ನೂ ಕೈಯಲ್ಲೇ ಬರೆದುಕೊಡುತ್ತಿದ್ದರು. ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆ ರಾಜ್ಯದ ತಾಲ್ಲೂಕುಗಳಿಗೆ ಹಬ್ಬಿದ್ದು ಅದಾದ ಎರಡು ಮೂರು ವರ್ಷಗಳ ಮೇಲೆ. ಅಂಥ ಹೊತ್ತಿನಲ್ಲಿ ಬೆಂಗಳೂರಿನ ಹೊರಗೆ, ವರ್ತೂರು ಹೋಬಳಿಯ ಬೆಳ್ಳಂದೂರು ಗ್ರಾಮ ಪಂಚಾಯ್ತಿ ತನ್ನ ಕಚೇರಿಗೆ ಕಂಪ್ಯೂಟರ್ ತರಿಸಿತು. ಮನೆ ಕಂದಾಯ, ಖಾತೆ, ಜನನ ಮರಣದ ದಾಖಲೆ, ಎಲ್ಲವೂ ಕನ್ನಡದಲ್ಲೇ ಅದರೊಳಗೆ ಸೇರಿದವು. ಆ ಕೆಲಸದ ಹಿಂದೆ ನಿಂತವರು ಪಂಚಾಯ್ತಿ ಅಧ್ಯಕ್ಷ ಕೆ. ಜಗನ್ನಾಥ್. ದೇಶದಲ್ಲಿ ಮೊದಮೊದಲು ಕಂಪ್ಯೂಟರ್ ಬಳಸಿದ ಪಂಚಾಯ್ತಿಗಳ ಮಾತು ಬಂದಾಗಲೆಲ್ಲ ಬೆಳ್ಳಂದೂರಿನ ಹೆಸರು ಬರುತ್ತದೆ.

ಸಾಫ್ಟ್‌ವೇರ್ ನಗರದ ಮಗ್ಗುಲಿನ ಹಳ್ಳಿಗೂ ಕಂಪ್ಯೂಟರ್ ಬಂತಂತೆ ಎಂಬ ಬೆರಗಿನಲ್ಲಿ ಅಂದಿನ ಪತ್ರಿಕೆಗಳು ಇದನ್ನು ಬರೆದವು. ಊರಿನವರಿಗೆ ದಕ್ಕಿದ್ದು ಬೆರಗಿಗಿಂತ ಗಟ್ಟಿಯಾದ ಸಂಗತಿ. ಯಾರು ಕಂದಾಯ ಕಟ್ಟಿದ್ದಾರೆ, ಯಾರದು ಬಾಕಿ, ಯಾವ ಮನೆಗೆ ಮಹಡಿ ಏರಿದೆ, ಯಾವ ಸೈಟಿಗೆ ಖಾತೆಯಾಗಿದೆ ಎಂಬುದು ಮೊದಲ ಬಾರಿಗೆ ಒಂದೇ ಕಡೆ ಕಣ್ಣಿಗೆ ಬಿತ್ತು. ಬಾಕಿ ಕಂಡರೆ ವಸೂಲಿ, ವಸೂಲಿಯಾದರೆ ಚರಂಡಿ, ದೀಪ, ನೀರು. ಪಂಚಾಯ್ತಿಯ ಆದಾಯ ಬೆಳೆದದ್ದು ಸರ್ಕಾರದ ಅನುದಾನದಿಂದಲ್ಲ, ತನ್ನದೇ ಊರಿನ ಕಂದಾಯದಿಂದ. ಬೆಂಗಳೂರಿನ ಹೊರವಲಯದ ಚರಿತ್ರೆ ಬರೆಯುವವರು ಐಟಿ ಪಾರ್ಕುಗಳಿಂದ ಶುರುಮಾಡುವುದು ರೂಢಿ. ಈ ಪಂಚಾಯ್ತಿ ಕಚೇರಿಯಿಂದ ಶುರುಮಾಡಿದರೆ ಅದೇ ಚರಿತ್ರೆ ಬೇರೆಯಾಗಿ ಕಾಣುತ್ತದೆ.

ಬೆಳ್ಳಂದೂರು ಮೊದಲಿಗೆ ಕೆರೆಯ ಊರು. ಸುಮಾರು 900 ಎಕರೆ ಹರಡಿಕೊಂಡಿರುವ ಬೆಳ್ಳಂದೂರು ಕೆರೆ ಬೆಂಗಳೂರಿನ ಅತಿ ದೊಡ್ಡ ಕೆರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ದುರಸ್ತಿಗೆ ಬರುತ್ತಿದ್ದ ಕ್ಯಾಟಲೀನಾ ವಿಮಾನಗಳು ಇದರ ನೀರಿನ ಮೇಲೇ ಇಳಿಯುತ್ತಿದ್ದವು. ಈ ಕೆರೆಯ ಕೋಡಿ ವರ್ತೂರು ಕೆರೆಗೆ, ವರ್ತೂರಿನದು ದಕ್ಷಿಣ ಪಿನಾಕಿನಿಗೆ. ಕೆರೆಯ ಕೆಳಗೆ ಗದ್ದೆ, ತೋಟ, ತರಕಾರಿ. ನೀರು ಹಂಚಲು ನೀರಗಂಟಿ. ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು, ತುದಿಯ ಗದ್ದೆಯವನಿಗೆ ಮುಟ್ಟಿತೋ ಇಲ್ಲವೋ ಎಂದು ನೋಡುವವನು ಅವನು. ತಪ್ಪು ಮಾಡಿದರೆ ಸಂಜೆಗೆ ಅರಳಿಕಟ್ಟೆಯಲ್ಲಿ ಉತ್ತರ ಕೊಡಬೇಕಾಗುತ್ತಿತ್ತು.

ಕುಡಿಯುವ ನೀರಿಗೆ ಆಗ ಬಾವಿ. ಅದು ಬದಲಾದದ್ದು 1980ರ ದಶಕದಲ್ಲಿ, ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬರು ರಾಮಕೃಷ್ಣ ಹೆಗಡೆ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಮಂತ್ರಿಯಾದ ಮೇಲೆ. ಬರಗಾಲದ ಆ ವರ್ಷಗಳಲ್ಲಿ ಹಳ್ಳಿಹಳ್ಳಿಗೂ ಕೊಳವೆಬಾವಿ ಕೊರೆಸಿದ್ದಕ್ಕೆ ಜನ ಅವರನ್ನು ‘ನೀರ್ ಸಾಬ್’ ಎಂದೇ ಕರೆದರು. ಅವರು ಕೊಟ್ಟ ಇನ್ನೊಂದು ಕಾಣಿಕೆ ಅಷ್ಟೇ ದೊಡ್ಡದು. 1983ರ ಕಾಯ್ದೆಯ ಮೂಲಕ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳು ಬಂದವು. 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಕಾಲು ಭಾಗದಷ್ಟು ಸ್ಥಾನಗಳನ್ನು ಹೆಂಗಸರಿಗೆ ಮೀಸಲಿಟ್ಟರು. ಸಂವಿಧಾನದ 73ನೇ ತಿದ್ದುಪಡಿ ದೇಶಕ್ಕೆಲ್ಲ ಪಂಚಾಯ್ತಿ ಕೊಡುವುದಕ್ಕೆ ಆರೇಳು ವರ್ಷ ಮೊದಲಿನ ಮಾತಿದು. ನಜೀರ್ ಸಾಬರು 1988ರಲ್ಲಿ ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಹಳ್ಳಿಯ ನೀರಿನ ವಿಷಯವನ್ನು ಹಳ್ಳಿಯವರೇ ನೋಡಿಕೊಳ್ಳಬೇಕು ಎಂಬುದು ಅಷ್ಟರಲ್ಲಿ ರೂಢಿಯಾಗಿತ್ತು.

ಆ ರೂಢಿಗೆ ಒಂದು ಲೆಕ್ಕ ಸೇರಿದ್ದು ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ, 1993ರಿಂದ. ಪ್ರತಿ 400 ಜನಕ್ಕೆ ಒಬ್ಬ ಸದಸ್ಯ. ನಾನೂರು ಜನ ಅಂದರೆ ಎಂಬತ್ತು, ತೊಂಬತ್ತು ಮನೆ. ಅಷ್ಟು ಮನೆಗಳ ಮೆಂಬರಿಗೆ ಯಾರ ಮನೆಯ ಮುಂದಿನ ದೀಪ ಹೋಗಿದೆ ಎಂದು ಯಾರೂ ಅರ್ಜಿ ಬರೆದು ತಿಳಿಸಬೇಕಿಲ್ಲ. ರಾತ್ರಿ ಮನೆಗೆ ಹೋಗುವಾಗ ಅವರೇ ಆ ಕತ್ತಲಲ್ಲಿ ನಡೆಯುತ್ತಾರೆ.

ಬೆಳ್ಳಂದೂರು ಪಂಚಾಯ್ತಿಯ ಹೆಸರು ಬೆಳೆದದ್ದು ಈ ಹತ್ತಿರದಿಂದಲೇ. ಅಂಬಲಿಪುರ, ಹರಳೂರು, ದೇವರಬೀಸನಹಳ್ಳಿಯಂಥ ಹಳ್ಳಿಗಳ ಆಸುಪಾಸಿನಲ್ಲಿ 1990ರ ದಶಕದ ಕೊನೆಗೆ ಹೊರವರ್ತುಲ ರಸ್ತೆ ಬರುತ್ತಿತ್ತು. ಅದರ ಬೆನ್ನಿಗೇ ಕಂಪನಿಗಳು, ಅಪಾರ್ಟ್‌ಮೆಂಟುಗಳು. ಪಂಚಾಯ್ತಿ ಹೊಸಬರಿಂದಲೂ ಕಂದಾಯ ಎತ್ತಿತು, ಅದರ ಲೆಕ್ಕವನ್ನೂ ಇಟ್ಟಿತು. ಊರವರ ವಂತಿಗೆಯನ್ನೂ ಸೇರಿಸಿಕೊಂಡು ಒಳಚರಂಡಿ ಹಾಕಿಸಿತು. ಬೆಂಗಳೂರು ನಗರದ ಹಲವು ಬಡಾವಣೆಗಳಲ್ಲೇ ತೆರೆದ ಮೋರಿಗಳಿದ್ದ ಕಾಲದಲ್ಲಿ ಒಂದು ಗ್ರಾಮ ಪಂಚಾಯ್ತಿ ನೆಲದಡಿ ಪೈಪು ಹಾಕಿಸುವುದೆಂದರೆ ಸಣ್ಣ ಧೈರ್ಯವಲ್ಲ. ಒಳಚರಂಡಿ ಓಟು ತರುವ ಕೆಲಸವೂ ಅಲ್ಲ. ರಸ್ತೆ ಅಗೆದು ಮಣ್ಣು ಗುಡ್ಡೆ ಹಾಕಿದರೆ ಮೊದಲು ಬರುವುದು ಬೈಗುಳ. ಕೆಲಸ ಮುಗಿದ ಮೇಲೆ ಕಣ್ಣಿಗೆ ಕಾಣುವುದು ಮ್ಯಾನ್‌ಹೋಲಿನ ಮುಚ್ಚಳ ಮಾತ್ರ. ಉದ್ಘಾಟನೆಗೆ ರಿಬ್ಬನ್ ಕಟ್ಟಲು ಜಾಗವೇ ಇರುವುದಿಲ್ಲ. ಬೈಗುಳವನ್ನು ತಾಳಿಕೊಂಡು ಮನೆಮನೆಯಿಂದ ವಂತಿಗೆ ಎತ್ತಬಲ್ಲವರು ಆ ಮನೆಗಳ ಜನರನ್ನು ಹೆಸರು ಹಿಡಿದು ಕರೆಯಬಲ್ಲವರೇ.

ಕೆರೆಯ ವಿಷಯದಲ್ಲಿ ಮಾತ್ರ ಪಂಚಾಯ್ತಿಯ ಕೈ ಸಾಲಲಿಲ್ಲ. ನಗರದ ಕೊಳಚೆಯ ದೊಡ್ಡ ಪಾಲು ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಇಳಿದು ಬೆಳ್ಳಂದೂರು ಕೆರೆಗೇ ಸೇರುತ್ತಿತ್ತು. ಕೊಳಚೆ ಕಳಿಸುತ್ತಿದ್ದುದು ನಗರ, ಕೆಡುತ್ತಿದ್ದುದು ಹಳ್ಳಿಯ ಕೆರೆ. ಮೀನು ಸತ್ತವು, ಬಾವಿ ಕೆಟ್ಟವು, ಕೆರೆಯಂಗಳದ ಬದುಕೇ ಮುದುಡಿತು. 1990ರ ದಶಕದ ಕೊನೆಯಲ್ಲಿ ಊರವರು ಹೈಕೋರ್ಟಿನ ಮೆಟ್ಟಿಲೇರಿದರು. ಕೊಳಚೆಯನ್ನು ಶುದ್ಧಮಾಡಿಯೇ ಬಿಡಬೇಕು ಎಂಬ ಒತ್ತಡ ಜಲಮಂಡಳಿಯ ಮೇಲೆ ಬಿದ್ದದ್ದರಲ್ಲಿ ಆ ಹೋರಾಟದ ಪಾಲು ಇದೆ. ಆದರೂ ಕೆರೆ ಉಳಿಯಲಿಲ್ಲ. 2015ರಲ್ಲಿ, ಮತ್ತೆ 2017ರಲ್ಲಿ, 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿತ್ತು. ಬಿಳಿ ನೊರೆ ರಸ್ತೆಗೆ ಹಾರಿ ಬಂದು ದ್ವಿಚಕ್ರ ವಾಹನದವರ ಮುಖಕ್ಕೆ ಬಡಿಯಿತು. ನೀರಿಗೆ ಬೆಂಕಿ ಬಿದ್ದ ಸುದ್ದಿಯನ್ನು ಪ್ರಪಂಚವೆಲ್ಲ ನೋಡಿತು. ಹಳ್ಳಿಯವರು ಕೋರ್ಟಿನಲ್ಲಿ ನಿಂತು ಇದನ್ನೇ ಹೇಳಿ ಹೆಚ್ಚುಕಡಿಮೆ ಇಪ್ಪತ್ತು ವರ್ಷವಾಗಿತ್ತು. 2018ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಪಾಲಿಕೆಗೆ 25 ಕೋಟಿ ರೂಪಾಯಿ ದಂಡ ಹಾಕಿತು. ಅದೇ ಕಣಿವೆಯ ಸಂಸ್ಕರಿಸಿದ ನೀರು 2018ರ ಜೂನ್‌ನಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ ಎಂಬುದನ್ನೂ ಇಲ್ಲೇ ಹೇಳಬೇಕು.

ಪಂಚಾಯ್ತಿ ಕಾಲವನ್ನು ಹಾಡಿ ಹೊಗಳುವುದು ಸುಲಭ, ಪೂರ್ತಿ ಸತ್ಯವಲ್ಲ. ಹೊರವಲಯದ ಇವತ್ತಿನ ಎಷ್ಟೋ ಸಂಕಟಗಳಿಗೆ ಬೀಜ ಬಿದ್ದದ್ದೂ ಪಂಚಾಯ್ತಿಗಳ ಖಾತೆ ಪುಸ್ತಕದಲ್ಲೇ. ಹೊಲವನ್ನು ಹೊಲವಾಗಿಯೇ ಇಟ್ಟುಕೊಂಡು ಮೂವತ್ತು–ನಲವತ್ತರ ಸೈಟುಗಳಾಗಿ ಕತ್ತರಿಸಿ ಮಾರುವ ರೆವಿನ್ಯೂ ಬಡಾವಣೆಗಳಿಗೆ ಖಾತೆ ಸಿಕ್ಕಿದ್ದು ಹಲವು ಪಂಚಾಯ್ತಿಗಳಿಂದ. ಬಂಡಿ ದಾರಿಯೇ ರಸ್ತೆಯಾಯಿತು. ಅದರ ಮಗ್ಗುಲಿಗೆ ನೂರಾರು ಮನೆಗಳ ಅಪಾರ್ಟ್‌ಮೆಂಟು ಎದ್ದಿತು. ಕೆರೆಯಿಂದ ಕೆರೆಗೆ ಹರಿಯುವ ರಾಜಕಾಲುವೆ ಕೆಲವು ಕಡೆ ಕಾಂಪೌಂಡಿನೊಳಗೆ ಸೇರಿಹೋಯಿತು. ಇಂಜಿನಿಯರೂ ಇಲ್ಲದ, ನಗರ ಯೋಜಕರೂ ಇಲ್ಲದ ಒಬ್ಬ ಕಾರ್ಯದರ್ಶಿ, ಒಬ್ಬ ಬಿಲ್ ಕಲೆಕ್ಟರ್ ಇರುವ ಕಚೇರಿಯ ಮುಂದೆ ಕೋಟಿಗಟ್ಟಲೆ ರೂಪಾಯಿಯ ಭೂಮಿ ವ್ಯವಹಾರ ಬಂದು ನಿಂತಾಗ ಆ ಕಚೇರಿ ಬಾಗಿದ್ದರಲ್ಲಿ ಆಶ್ಚರ್ಯವಿಲ್ಲ. ಬೆಳ್ಳಂದೂರಿನ ಮಹತ್ವ ಇರುವುದೂ ಇಲ್ಲಿಯೇ: ಅದೇ ಅಧಿಕಾರ, ಅದೇ ಕಾಯ್ದೆ ಕೈಯಲ್ಲಿದ್ದೂ ಒಂದು ಪಂಚಾಯ್ತಿ ಬೇರೆ ದಾರಿ ಹಿಡಿಯಬಹುದಿತ್ತು ಎಂಬುದಕ್ಕೆ ಅದು ಸಾಕ್ಷಿ.

ವೈಟ್‌ಫೀಲ್ಡಿನ ಕತೆ ಇದಕ್ಕಿಂತ ಹಳೆಯದು. 1882ರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ 3,900 ಎಕರೆ ಜಮೀನು ಕೊಟ್ಟರು. ಸಂಘದ ಮುಂದಾಳು ಡಿ.ಎಸ್. ವೈಟ್ ಹೆಸರೇ ಊರಿಗೆ ನಿಂತಿತು. ಬೇಸಾಯ ಮಾಡಿಕೊಂಡು ತಮ್ಮ ಊರನ್ನು ತಾವೇ ನಡೆಸಿಕೊಳ್ಳುವ ನೆಲೆ ಅದಾಗಬೇಕೆಂಬುದು ಅವರ ಆಸೆ. ನೂರು ವರ್ಷ ಸದ್ದಿಲ್ಲದೆ ಇದ್ದ ಆ ಊರಿನ ಬಳಿ 1994ರಲ್ಲಿ ಟಾಟಾ ಸಂಸ್ಥೆ, ಸಿಂಗಪುರದ ಕಂಪನಿಗಳು ಮತ್ತು ಕರ್ನಾಟಕ ಸರ್ಕಾರ ಸೇರಿ ಐಟಿ ಪಾರ್ಕಿಗೆ ಕೈಹಾಕಿದವು. ಪಾರ್ಕಿನೊಳಗೆ ತನ್ನದೇ ವಿದ್ಯುತ್ತು, ತನ್ನದೇ ನೀರು. ಗೇಟಿನಾಚೆ ಹಳ್ಳಿಗಳು.

ನಗರದ ಸುತ್ತಲಿನ ಅಂಥ ಹಳ್ಳಿಗಳಲ್ಲಿ ದೊಡ್ಡವಕ್ಕೆ 1990ರ ದಶಕದ ನಡುವೆ ನಗರಸಭೆ ಬಂತು. ಮಹದೇವಪುರ, ಕೆ.ಆರ್. ಪುರ, ಬೊಮ್ಮನಹಳ್ಳಿ, ದಾಸರಹಳ್ಳಿ, ಯಲಹಂಕ, ಬ್ಯಾಟರಾಯನಪುರ, ರಾಜರಾಜೇಶ್ವರಿನಗರ ಎಂಬ ಏಳು ನಗರಸಭೆಗಳು, ಕೆಂಗೇರಿಗೆ ಪುರಸಭೆ. ಬೆಂಗಳೂರನ್ನು ಸುತ್ತುವರಿದ ಈ ಎಂಟು ಸಂಸ್ಥೆಗಳಿಗೆ ಸದಸ್ಯರಿದ್ದರು, ಅಧ್ಯಕ್ಷರಿದ್ದರು. ಇರದಿದ್ದದ್ದು ಕಾವೇರಿ ನೀರು. 1974ರಲ್ಲೇ ನಗರಕ್ಕೆ ಬಂದಿದ್ದ ಕಾವೇರಿ ಈ ಊರುಗಳ ಗಡಿಯಲ್ಲಿ ನಿಂತುಬಿಟ್ಟಿತ್ತು.

ಇಲ್ಲಿ ಒಂದು ಚೀಟಿಯ ವಿಷಯ ಹೇಳಬೇಕು. ಈ ಎಂಟು ಊರುಗಳಿಗೆ ಕೊಳವೆ ಹಾಕುವ ಬೃಹತ್ ಬೆಂಗಳೂರು ನೀರು ಮತ್ತು ಒಳಚರಂಡಿ ಯೋಜನೆ 2000ದ ದಶಕದ ನಡುವೆ ಶುರುವಾದಾಗ ಜನರಿಂದ ಮೊದಲೇ ಹಣ ಕೇಳಿದರು. ಸೈಟಿನ ಅಳತೆಗೆ ತಕ್ಕಂತೆ ವಂತಿಗೆ, ಕಂತಿನಲ್ಲೂ ಕಟ್ಟಬಹುದು. ನೀರಿಲ್ಲ, ಪೈಪೂ ಬಂದಿಲ್ಲ, ಹಣ ಮಾತ್ರ ಈಗಲೇ. ರೆವಿನ್ಯೂ ಬಡಾವಣೆಗಳ ಜನ ಮೊದಲು ಸಿಟ್ಟಾದರು, ಸಂಘಗಳಲ್ಲಿ ಸೇರಿ ಜಗಳ ತೆಗೆದರು, ಕೊನೆಗೆ ಬಹಳ ಮಂದಿ ಕಟ್ಟಿದರು. ಕಾರಣ ಆ ರಸೀದಿ. ಮನೆಗೆ ನಕ್ಷೆ ಮಂಜೂರಾತಿಯಿಲ್ಲ, ಬಡಾವಣೆಗೆ ಒಪ್ಪಿಗೆಯಿಲ್ಲ. ಸರ್ಕಾರದ ಒಂದು ಮಂಡಳಿ ಮನೆ ಯಜಮಾನನ ಹೆಸರು, ಸೈಟ್ ನಂಬರು ಬರೆದು ಮೊಹರು ಒತ್ತಿ ಕೊಟ್ಟ ಕಾಗದ ಅದೊಂದೇ. ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಕ್ರಯಪತ್ರದ ಜೊತೆ ಬೀರುವಿನಲ್ಲಿಟ್ಟರು. ಪೈಪು ಬಂತು, ವರ್ಷಗಟ್ಟಲೆ ಒಣಗಿಯೇ ಇತ್ತು. ಕಾವೇರಿ ನಾಲ್ಕನೇ ಹಂತದ ಎರಡನೇ ಘಟ್ಟ 2012ರಲ್ಲಿ ಮುಗಿದು ದಿನಕ್ಕೆ 50 ಕೋಟಿ ಲೀಟರ್ ಹೆಚ್ಚಿಗೆ ಬಂದ ಮೇಲಷ್ಟೇ ಆ ನಲ್ಲಿಗಳು ಒದ್ದೆಯಾದವು. ಹಣ ಕಟ್ಟಿಸಿಕೊಂಡಾಗ ಇದ್ದ ನಗರಸಭೆ, ಅದರ ಸದಸ್ಯರು ಆ ಹೊತ್ತಿಗೆ ಇರಲೇ ಇಲ್ಲ.

ಎಲೆಕ್ಟ್ರಾನಿಕ್ಸ್ ಸಿಟಿ ಮತ್ತೊಂದು ದಾರಿ ತುಳಿಯಿತು. ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ 1976ರಲ್ಲಿ ಹುಟ್ಟಿದಾಗ ಅದರ ಚುಕ್ಕಾಣಿ ಹಿಡಿದ ಆರ್.ಕೆ. ಬಾಳಿಗಾ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಉದ್ಯಮದ ಊರು ಕಟ್ಟುವ ಕನಸು ಕಂಡರು. ದೇವರಾಜ ಅರಸರ ಸರ್ಕಾರದ ಕಾಲವದು. ಹೊಸೂರು ರಸ್ತೆಯ ಆ ನೆಲದಲ್ಲಿ ಆಗ ರಾಗಿ ಬೆಳೆಯುತ್ತಿತ್ತು. ಕಂಪನಿಗಳು ತುಂಬಿದ ಮೇಲೆ ರಸ್ತೆ, ದೀಪ, ಚರಂಡಿ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಎದ್ದಿತು. ಕಂಪನಿಗಳೇ 1992ರಲ್ಲಿ ಸಂಘ ಕಟ್ಟಿಕೊಂಡವು. 2013ರಲ್ಲಿ ಅದು ಕಾನೂನಿನ ಬಲ ಪಡೆದು ಕೈಗಾರಿಕಾ ನಗರ ಪ್ರಾಧಿಕಾರವಾಯಿತು. ಸುಮಾರು 900 ಎಕರೆಯ ಆಸ್ತಿ ತೆರಿಗೆ ಎತ್ತುವ ಹಕ್ಕು ಅದಕ್ಕೆ ಸಿಕ್ಕಿತು, ಅದರಲ್ಲೊಂದು ಪಾಲು ಅಕ್ಕಪಕ್ಕದ ಪಂಚಾಯ್ತಿಗಳಿಗೆ.

ಪ್ರಾಧಿಕಾರದ ಗಡಿಯೊಳಗೆ ರಸ್ತೆ ಸಪಾಟು, ಮರಗಳ ಸಾಲು, ಮಳೆನೀರು ಇಂಗುವ ಗುಂಡಿ, ಕಸ ವಿಂಗಡಣೆ. ಅಚ್ಚುಕಟ್ಟು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ಓಟಿಲ್ಲ; ಅದನ್ನು ನಡೆಸುವವರು ಉದ್ಯಮದ ಪ್ರತಿನಿಧಿಗಳು, ಅಧಿಕಾರಿಗಳು. ಅದೇ ಕಂಪನಿಗಳ ಕ್ಯಾಂಟೀನಿನಲ್ಲಿ, ಹೌಸ್‌ಕೀಪಿಂಗಿನಲ್ಲಿ, ಸೆಕ್ಯುರಿಟಿಯಲ್ಲಿ ದುಡಿಯುವವರು ಸಂಜೆ ಗಡಿ ದಾಟಿ ಹತ್ತು ಹೆಜ್ಜೆ ಹಾಕಿದರೆ ಟ್ಯಾಂಕರ್ ನೀರಿನ ಬಾಡಿಗೆ ಮನೆಗಳ ಸಾಲು. ಕಂದಾಯ ಹುಟ್ಟುವ ಜಾಗ ಒಂದು ಆಡಳಿತಕ್ಕೆ, ಆ ಕಂದಾಯಕ್ಕೆ ಬೆವರು ಸುರಿಸುವವರ ಮನೆ ಇನ್ನೊಂದಕ್ಕೆ ಸೇರಿದರೆ ಅದಕ್ಕೆ ನ್ಯಾಯವೆಂಬ ಹೆಸರು ಕೊಡಲಾಗದು. ಬೆಳ್ಳಂದೂರು ಪಂಚಾಯ್ತಿಯಲ್ಲಿ ಕಂಪನಿಯ ಕಂದಾಯ ಊರ ಚರಂಡಿಗೂ ಬರುತ್ತಿತ್ತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಬೇಕು.

ಪೀಣ್ಯದಲ್ಲಿ ಕಾಣುವುದು ಉತ್ತರ ಕೊಡಬೇಕಾದವರೇ ಇಲ್ಲದ ಸ್ಥಿತಿ. ಸಾವಿರಾರು ಸಣ್ಣ ಕಾರ್ಖಾನೆಗಳ ಆ ಪ್ರದೇಶದಲ್ಲಿ 1978ರಲ್ಲಿ ಕೈಗಾರಿಕೆಗಳ ಸಂಘ ಹುಟ್ಟಿತು. ಲೇತು, ಮಿಲ್ಲಿಂಗ್, ಪ್ಲೇಟಿಂಗ್ ಶೆಡ್ಡುಗಳ ನಡುವಿನ ರಸ್ತೆ ಯಾರದು, ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯದೋ, ನಗರಸಭೆಯದೋ, ಮುಂದೆ ಪಾಲಿಕೆಯದೋ ಎಂಬ ಎಳೆದಾಟದಲ್ಲಿ ಗುಂಡಿಗಳು ದಶಕಗಟ್ಟಲೆ ಉಳಿದವು. ಬೇಕಿಲ್ಲದ ಕಡೆ ಮಾತ್ರ ದೊಡ್ಡ ಕಟ್ಟಡಗಳು ಎದ್ದವು. ಸುಮಾರು 40 ಕೋಟಿ ರೂಪಾಯಿ ವೆಚ್ಚದ ಬಸವೇಶ್ವರ ಬಸ್ ನಿಲ್ದಾಣ 2014ರಲ್ಲಿ ಪೀಣ್ಯದಲ್ಲಿ ತೆರೆಯಿತು. ಉತ್ತರದ ಜಿಲ್ಲೆಗಳ ಬಸ್ಸುಗಳನ್ನು ಮೆಜೆಸ್ಟಿಕ್‌ನಿಂದ ಅಲ್ಲಿಗೆ ಸಾಗಿಸುವ ಲೆಕ್ಕಾಚಾರ. ಹುಬ್ಬಳ್ಳಿಯಿಂದ, ದಾವಣಗೆರೆಯಿಂದ ನಸುಕಿನಲ್ಲಿ ಬಂದಿಳಿದವರಿಗೆ ಮತ್ತೊಂದು ಬಸ್ಸು ಹಿಡಿಯುವ ಗೋಳು. ಕೆಲವೇ ತಿಂಗಳಲ್ಲಿ ಬಸ್ಸುಗಳು ಮೆಜೆಸ್ಟಿಕ್‌ಗೇ ಮರಳಿದವು. ಪೀಣ್ಯದ ಜನಕ್ಕೆ ನಿಜವಾಗಿ ಒದಗಿದ್ದು ಅದೇ ವರ್ಷದ ಮಾರ್ಚ್ 1ರಂದು ಸಂಪಿಗೆ ರಸ್ತೆಯಿಂದ ಪೀಣ್ಯದವರೆಗೆ ಓಡಿದ ಮೆಟ್ರೊ.

2007ರ ಜನವರಿಯಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಹಳೆಯ ಮಹಾನಗರ ಪಾಲಿಕೆಗೆ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾಯಿತು. ಆಗ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ. ಬೆಳ್ಳಂದೂರು ಆ 110ರೊಳಗೆ ಒಂದು. ಎಲೆಕ್ಟ್ರಾನಿಕ್ಸ್ ಸಿಟಿ ಗಡಿಯ ಹೊರಗೇ ಉಳಿಯಿತು. ಸೇರಿಸಿದ್ದು ತಪ್ಪಲ್ಲ. ಕೊಳಚೆ, ರಾಜಕಾಲುವೆ, ಟ್ರಾಫಿಕ್ ಯಾವುದೂ ಪಂಚಾಯ್ತಿಯ ಗಡಿ ನೋಡಿ ನಿಲ್ಲುವುದಿಲ್ಲ. ತಪ್ಪಿದ್ದು ಆಮೇಲೆ. ಪಂಚಾಯ್ತಿಯ ಮೆಂಬರು ಅಂದೇ ಮಾಜಿಯಾದರು. ಹೊಸ ಕಾರ್ಪೊರೇಟರ್ ಬರಲು ಮೂರು ವರ್ಷ ಹಿಡಿಯಿತು. 198 ವಾರ್ಡುಗಳಿಗೆ ಮೊದಲ ಚುನಾವಣೆ ನಡೆದದ್ದು 2010ರ ಮಾರ್ಚ್ 28ರಂದು. ನಡುವಿನ ಅವಧಿಯಲ್ಲಿ ಆಡಳಿತಾಧಿಕಾರಿಯ ಕಾರುಬಾರು.

ಇನ್ನು ಲೆಕ್ಕ. 2011ರ ಜನಗಣತಿಯಲ್ಲಿ ಪಾಲಿಕೆಯ ಜನಸಂಖ್ಯೆ ಸುಮಾರು 84 ಲಕ್ಷ. ಅದನ್ನು 198ರಿಂದ ಭಾಗಿಸಿದರೆ ವಾರ್ಡಿಗೆ ಸರಾಸರಿ 42 ಸಾವಿರ. ನಾನೂರಕ್ಕೆ ಒಬ್ಬರಿದ್ದ ಜಾಗದಲ್ಲಿ ನಲವತ್ತೆರಡು ಸಾವಿರಕ್ಕೆ ಒಬ್ಬರು. ಬೆಳ್ಳಂದೂರು 150ನೇ ವಾರ್ಡಾಯಿತು, ವಿಸ್ತೀರ್ಣದಲ್ಲಿ ಪಾಲಿಕೆಯ ಅತಿ ದೊಡ್ಡ ವಾರ್ಡುಗಳಲ್ಲೊಂದು. ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಲು ಸಂಜೆಯ ಟ್ರಾಫಿಕ್ಕಿನಲ್ಲಿ ಗಂಟೆಗಟ್ಟಲೆ ಬೇಕು. ಹತ್ತಾರು ಹಳ್ಳಿ, ಲೆಕ್ಕವಿಲ್ಲದಷ್ಟು ಅಪಾರ್ಟ್‌ಮೆಂಟು, ಕೂಲಿಯವರ ಶೀಟ್ ಮನೆಗಳ ಕಾಲೊನಿ, ಎಲ್ಲಕ್ಕೂ ಒಬ್ಬರೇ.

ಆದರೂ ಆ ಒಬ್ಬರಿಂದ ಆಗುತ್ತಿದ್ದ ಕೆಲಸವನ್ನು ಕಡಿಮೆ ಎಣಿಸಬಾರದು. ಕಾರ್ಪೊರೇಟರ್ ಮನೆಯ ಮುಂದೆ ಬೆಳಿಗ್ಗೆ ಏಳು ಗಂಟೆಗೇ ಜನ: ಕಸದ ಗಾಡಿ ಮೂರು ದಿನದಿಂದ ಬಂದಿಲ್ಲ, ಬೋರ್‌ವೆಲ್ ಮೋಟಾರು ಸುಟ್ಟಿದೆ, ಮಗಳ ಶಾಲೆಗೆ ಜನನ ಪತ್ರ ಬೇಕು, ವಿಧವಾ ವೇತನ ನಿಂತಿದೆ, ಮೋರಿ ಉಕ್ಕಿ ಅಡುಗೆಮನೆಗೆ ಬಂದಿದೆ. ಫೋನಿನಲ್ಲಿ ವಾಟರ್‌ಮನ್‌ನನ್ನು ಕರೆಸುತ್ತಾರೆ. ಅವನು ಉದ್ದ ಹಿಡಿಯ ಕಬ್ಬಿಣದ ಕೀಲಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದು, ರಸ್ತೆ ನಡುವಿನ ಮುಚ್ಚಳ ಎಬ್ಬಿಸಿ, ಕೀಲಿ ಇಳಿಸಿ, ಎರಡೂ ಕೈಯಿಂದ ವಾಲ್ವು ತಿರುಗಿಸುತ್ತಾನೆ. ಯಾವ ಬೀದಿಗೆ ಎಷ್ಟು ಸುತ್ತು, ಏರಿನ ಮೇಲಿನ ಮನೆಗಳಿಗೆ ಎಷ್ಟು ಹೊತ್ತು ಎಂಬುದು ಅವನ ತಲೆಯಲ್ಲಿದೆ. ಹಳೆಯ ನೀರಗಂಟಿಯ ಕೆಲಸವನ್ನು ಮಾಡುತ್ತಿರುವವನು ಅವನೇ. ಅವನಿಗೆ ಮೇಲಿನಿಂದ ಹೇಳುವವರು ಯಾರು, ತುದಿಮನೆಗೆ ಮುಟ್ಟಿತೇ ಎಂದು ಕೇಳುವವರು ಯಾರು ಎಂಬುದೇ ಹೊರವಲಯದ ರಾಜಕಾರಣದ ತಿರುಳು.

ಎರಡನೆಯ ಚುನಾವಣೆ 2015ರ ಆಗಸ್ಟ್ 22ರಂದು ನಡೆಯಿತು. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲೇ ಬಯಸಿದ್ದ ವಾರ್ಡ್ ಸಮಿತಿಗಳು ಹೈಕೋರ್ಟಿನ ಒತ್ತಾಯದಿಂದ ಈ ಅವಧಿಯಲ್ಲಿ ಸಭೆ ಸೇರತೊಡಗಿದವು. ಕಸ, ಪಾದಚಾರಿ ಮಾರ್ಗ, ಬೀದಿದೀಪಗಳ ಮೇಲೆ ನಿವಾಸಿಗಳು ಕಾರ್ಪೊರೇಟರ್ ಎದುರು ಕೂತು ಪ್ರಶ್ನೆ ಕೇಳುವುದು ಅಲ್ಲಲ್ಲಿ ರೂಢಿಯಾಗುತ್ತಿತ್ತು. 2020ರ ಸೆಪ್ಟೆಂಬರ್ 10ಕ್ಕೆ ಆ ಪಾಲಿಕೆಯ ಅವಧಿ ಮುಗಿಯಿತು. ವಾರ್ಡುಗಳ ಸಂಖ್ಯೆ 198 ಇರಬೇಕೇ, 243 ಆಗಬೇಕೇ ಎಂಬ ವ್ಯಾಜ್ಯ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಆ ವರ್ಷದ ಡಿಸೆಂಬರಿನಲ್ಲಿ ಚುನಾವಣೆಗೆ ತಡೆ ಬಿತ್ತು. ಹೀಗೆ ಬೆಳ್ಳಂದೂರು, ವರ್ತೂರು, ಕಾಡುಗೋಡಿಗಳು ನಗರಕ್ಕೆ ಸೇರಿದ ಮೇಲೆ ವಾರ್ಡಿನ ಪ್ರತಿನಿಧಿ ಎಂಬವರನ್ನು ಕಂಡದ್ದು ಹತ್ತೇ ವರ್ಷ.

ಆ ಖಾಲಿ ಜಾಗಕ್ಕೆ ಶಾಸಕರು ಬಂದರು. ಮಹದೇವಪುರ ವಿಧಾನಸಭಾ ಕ್ಷೇತ್ರದ ಮತದಾರರು 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ 6 ಲಕ್ಷ ಮೀರಿದ್ದರು. ಅಷ್ಟು ಜನಕ್ಕೆ ಕಾನೂನು ಮಾಡಬೇಕಾದವರೇ ಬೀದಿದೀಪಕ್ಕೂ ಉತ್ತರ ಹೇಳಬೇಕಾಯಿತು. ವೈಟ್‌ಫೀಲ್ಡ್ ರೈಸಿಂಗ್‌ನಂಥ ನಾಗರಿಕರ ಗುಂಪುಗಳು ಗುಂಡಿ ಲೆಕ್ಕ ಹಾಕಿದವು, ಕೆರೆ ಕಾದವು, ಕಚೇರಿಗಳ ಬಾಗಿಲು ಬಡಿದವು. ಅವರ ದುಡಿಮೆ ದೊಡ್ಡದು. ಆದರೂ ಗೇಟಿನೊಳಗೆ ಬದುಕುವವರಿಗಿರುವ ಬಿಡುವು, ಭಾಷೆ, ಪರಿಚಯ ಶೀಟ್ ಮನೆಯ ಕಾಲೊನಿಯವರಿಗೆ ಇಲ್ಲ. ಅವರಿಗೆ ಬೇಕಾದದ್ದು ಅವರ ಓಟಿಗೆ ಅಂಜುವ ಒಬ್ಬ ಮೆಂಬರು.

2022ರ ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ವಾರದ ಮಳೆಗೆ ಹೊರವರ್ತುಲ ರಸ್ತೆ ಹೊಳೆಯಾಯಿತು. ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ದೋಣಿಗಳು ಓಡಿದವು. ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು. ಕೆರೆಯಿಂದ ಕೆರೆಗೆ ಹರಿಯಬೇಕಾದ ನೀರು ತನ್ನ ಹಳೆಯ ದಾರಿಯನ್ನೇ ಹಿಡಿದಿತ್ತು. ಆ ದಾರಿಯಲ್ಲಿ ಮನೆಗಳಿದ್ದವು. ಆ ವಾರ ನಗರದ ಒಂದು ವಾರ್ಡಿಗೂ ಚುನಾಯಿತ ಸದಸ್ಯರಿರಲಿಲ್ಲ.

ಒಂದೂವರೆ ವರ್ಷದ ಮೇಲೆ, 2024ರ ಬೇಸಿಗೆಯಲ್ಲಿ, ಅದೇ ಊರುಗಳಲ್ಲಿ ನೀರಿಗೆ ಹಾಹಾಕಾರ. ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಮಾರ್ಚಿನಲ್ಲಿ ಹೇಳಿದರು. ಪೆಟ್ಟು ಹೆಚ್ಚಾಗಿ ಬಿದ್ದದ್ದು ಕಾವೇರಿ ಕಾಣದ 110 ಹಳ್ಳಿಗಳಿಗೆ. ಟ್ಯಾಂಕರ್ ದರಕ್ಕೆ ಜಿಲ್ಲಾಡಳಿತ ಮಿತಿ ಹಾಕಬೇಕಾಯಿತು. ಅದೇ ವರ್ಷ ಅಕ್ಟೋಬರ್ 16ರಂದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ಜಪಾನಿನ ಸಾಲದ ನೆರವು, ನಾಲ್ಕು ಸಾವಿರ ಕೋಟಿ ರೂಪಾಯಿಗೂ ಮಿಕ್ಕ ವೆಚ್ಚ, ದಿನಕ್ಕೆ 77.5 ಕೋಟಿ ಲೀಟರ್. ಸುಮಾರು ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿ ತಂದ ನೀರು. ನಗರಕ್ಕೆ ಸೇರಿದ ಹದಿನೇಳು ವರ್ಷಗಳ ಮೇಲೆ ಆ ಹಳ್ಳಿಗಳಿಗೆ ಕಾವೇರಿ ಬಂತು. ಇದು ದೊಡ್ಡ ಕೆಲಸ. ಪಂಚಾಯ್ತಿಯ ಕೈಯಲ್ಲಿ ಎಂದೂ ಆಗುವಂಥದಲ್ಲ. ದೊಡ್ಡ ಕೊಳವೆಯಿಂದ ಸಣ್ಣ ಕೊಳವೆಗೆ, ಅಲ್ಲಿಂದ ಸಂಪಿಗೆ ಇಳಿಸುವ ಕೆಲಸಕ್ಕೆ ಮಾತ್ರ ಬೀದಿ ಬಲ್ಲವರೇ ಬೇಕು.

ಮೆಟ್ರೊ ಕೂಡ ಈ ನಡುವೆ ಹೊರವಲಯದ ಎರಡು ತುದಿಗಳನ್ನು ಮುಟ್ಟಿತು: 2023ರ ಮಾರ್ಚ್ 25ರಂದು ವೈಟ್‌ಫೀಲ್ಡ್ ಕಾಡುಗೋಡಿ, 2025ರ ಆಗಸ್ಟ್ 10ರಂದು ಎಲೆಕ್ಟ್ರಾನಿಕ್ಸ್ ಸಿಟಿ ಹಾದು ಬೊಮ್ಮಸಂದ್ರ. ನಿಲ್ದಾಣದಲ್ಲಿ ಇಳಿದ ಮೇಲೆ ಮನೆ ಸೇರುವ ಕೊನೆಯ ಒಂದು ಕಿಲೋಮೀಟರಿನ ಪಾದಚಾರಿ ಮಾರ್ಗ ಮತ್ತೆ ವಾರ್ಡಿನ ಕೆಲಸವೇ.

ಬೃಹತ್ ಪಾಲಿಕೆ ಹೋಗಿ 2025ರ ಸೆಪ್ಟೆಂಬರ್ 2ರಂದು ಐದು ನಗರ ಪಾಲಿಕೆಗಳಾದವು. ಮಹದೇವಪುರ, ಕೆ.ಆರ್. ಪುರ ಕ್ಷೇತ್ರಗಳು ಸೇರಿ ಬೆಂಗಳೂರು ಪೂರ್ವ. ಹೂಡಿ, ಗರುಡಾಚಾರ್ ಪಾಳ್ಯ, ಕಾಡುಗೋಡಿ, ಹಗದೂರು, ದೊಡ್ಡನೆಕ್ಕುಂದಿ, ಮಾರತ್ತಹಳ್ಳಿ, ವರ್ತೂರು, ಬೆಳ್ಳಂದೂರು ಎಂದು ಮಹದೇವಪುರಕ್ಕೆ ಎಂಟು, ಕೆ.ಆರ್. ಪುರಕ್ಕೆ ಒಂಬತ್ತು, ಒಟ್ಟು 17 ವಾರ್ಡುಗಳಿದ್ದ ನೆಲದಲ್ಲಿ ಈಗ 50 ವಾರ್ಡು. ಬೆಳ್ಳಂದೂರು ಒಡೆದು ಹಲವಾಗಿದೆ. ಹೊಸ ಪಾಲಿಕೆಗಳು ಹುಟ್ಟಿದ ದಿನವೂ ಆ ಊರುಗಳಲ್ಲಿ ಕಾರ್ಪೊರೇಟರ್ ಎಂಬವರಿರಲಿಲ್ಲ. ಅಧಿಕಾರಿಗಳೇ ಕೆಲಸ ಶುರುಮಾಡಿದರು. ಆ ಐವತ್ತು ಕುರ್ಚಿಗಳಲ್ಲಿ ಮೊದಲು ಕೂರುವವರ ಕೈಗೆ ಬೆಳ್ಳಂದೂರು ಪಂಚಾಯ್ತಿಗಿದ್ದ ಎರಡು ಸಂಗತಿಗಳಾದರೂ ಸಿಗಬೇಕು: ತಮ್ಮ ವಾರ್ಡಿನಲ್ಲಿ ಎತ್ತಿದ ಕಂದಾಯದಲ್ಲಿ ತಾವೇ ಖರ್ಚು ಮಾಡಬಹುದಾದ ಪಾಲು, ಮತ್ತು ಅದರ ಲೆಕ್ಕವನ್ನು ಊರಿನವರ ಮುಂದೆ ಓದಿ ಹೇಳಲೇಬೇಕಾದ ವಾರ್ಡ್ ಸಭೆ.